ಮಗುವನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಿ?

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಗನಿಗೆ ಒಂದೂವರೆ ವರ್ಷ. ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು, ಈಗ ಅವರಿಗೆ ಕೈಲಾಗುತ್ತಿಲ್ಲ. ಡೇಕೇರ್‌ನವರು ಕೇಳುವ ಫೀಸು ನನ್ನ ಅರ್ಧ ಸಂಬಳ. ಫ್ಯಾಕ್ಟರಿಯಲ್ಲಿ ಕೇಳಿದರೆ ಮಕ್ಕಳ ರೂಮು ಸದ್ಯಕ್ಕೆ ಮುಚ್ಚಿದೆ ಅಂದರು. ಡೇಕೇರ್ ಫೀಸಿಗೆ ಸರ್ಕಾರ ದುಡ್ಡು ಕೊಡುತ್ತದಾ? ಇಲ್ಲದಿದ್ದರೆ ಕೆಲಸ ಬಿಡಬೇಕಾಗುತ್ತದೆ.
- ಹೆಸರು ಬೇಡ

ಉತ್ತರ: ಈಗಲೇ ಕೆಲಸ ಬಿಡಬೇಡಿ ತಂಗಿ. ಖಾಸಗಿ ಡೇಕೇರ್ ಫೀಸನ್ನು ನಿಮ್ಮ ಕೈಗೆ ಕೊಡುವ ಯೋಜನೆಯನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಆದರೆ ಮಗುವಿಗೆ ಜಾಗ ಕೇಳುವ ಹಕ್ಕು ನಿಮಗಿದೆ, ಅದನ್ನೇ ಹಿಡಿದುಕೊಳ್ಳಿ.

50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಶ್ (ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ) ವ್ಯವಸ್ಥೆ ಇರಲೇಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದರು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಮಾತಿದೆ. ಈ 50ರಲ್ಲಿ ಗಂಡಸರೂ ಸೇರುತ್ತಾರೆ, 'ನಮ್ಮಲ್ಲಿ ಹೆಂಗಸರು ಕಮ್ಮಿ' ಅನ್ನುವ ಮಾತು ನಡೆಯುವುದಿಲ್ಲ. ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು, ನಿಮ್ಮ ವಿರಾಮದ ಹೊತ್ತೂ ಅದರಲ್ಲೇ ಸೇರಿದೆ. ಹಾಗಾಗಿ 'ಮುಚ್ಚಿದೆ' ಅಂದ ಕೂಡಲೇ ಸುಮ್ನೆ ವಾಪಸ್ ಬರಬೇಡಿ. ಒಬ್ಬರೇ ಹೋದರೆ ಸೂಪರ್‌ವೈಸರ್ ಕಣ್ಣಿಗೆ ಬೀಳುವ ಭಯ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಅದಕ್ಕೇ ನಿಮ್ಮ ಲೈನಿನಲ್ಲಿ ಚಿಕ್ಕ ಮಕ್ಕಳಿರುವ ನಾಲ್ಕೈದು ತಾಯಂದಿರು ಸೇರಿ ಅರ್ಜಿ ಬರೆದು ಎಚ್‌ಆರ್‌ಗೆ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಅದೇ ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಡಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರೋದಿಲ್ಲ ಅಲ್ವಾ?

ಅದು ಆಗುವವರೆಗೆ ಏನು ಮಾಡೋದು? ಅಂಗನವಾಡಿ ಕಾರ್ಯಕರ್ತೆಯನ್ನೋ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲೋ 'ಪಾಲನಾ' ಯೋಜನೆಯ ಕ್ರೆಶ್ ಹತ್ತಿರ ಎಲ್ಲಿದೆ ಅಂತ ವಿಚಾರಿಸಿ. ಕೇಂದ್ರ ಸರ್ಕಾರದ ಈ ಯೋಜನೆಯಲ್ಲಿ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಆದರೆ ಸೇರಿಸುವ ಮೊದಲು ಸಮಯ ಕೇಳಿ. ನಿಮ್ಮ ಶಿಫ್ಟು ಮುಗಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಕೇಂದ್ರ ಮುಚ್ಚಿರಬಹುದು, ಆ ಒಂದೆರಡು ಗಂಟೆಗೆ ಮಗುವನ್ನು ಕರೆದುಕೊಂಡು ಬರುವವರು ಬೇಕು. ಅಷ್ಟು ಹೊತ್ತಿಗಾದರೆ ಅತ್ತೆಯವರಿಗೂ ಹೊರೆಯಾಗಲಾರದು. ಹಳ್ಳಿ ಕಡೆಯ ಓದುಗರು ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಅನ್ನುವ ಕ್ರೆಶ್ ಇದೆಯಾ ಅಂತ ಕೇಳಿ.

ಗಂಡ ಗಾರೆ ಕೆಲಸದವರು ಅಂದಿರಿ. ಅವರಿಗೆ ಕಟ್ಟಡ ಕಾರ್ಮಿಕರ ಕಾರ್ಡು ಇಲ್ಲದಿದ್ದರೆ ಮೊದಲು ಮಾಡಿಸಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಬೇರೆ ಸೌಲಭ್ಯಗಳಿಗೆ ಬೇಕಾಗುತ್ತದೆ. ಮಗು 3 ವರ್ಷದ್ದಾಗುವವರೆಗೆ ವರ್ಷಕ್ಕೆ 6,000 ರೂಪಾಯಿ ಸಿಗುವ 'ತಾಯಿ ಮಗು ಸಹಾಯ ಹಸ್ತ' ಮಾತ್ರ ನೋಂದಾಯಿತ ಮಹಿಳಾ ಕಟ್ಟಡ ಕಾರ್ಮಿಕರಿಗೆ, ಗಂಡನ ಕಾರ್ಡಿನ ಮೇಲೆ ನಿಮಗೆ ಬರುವುದಿಲ್ಲ. ಬರುತ್ತದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಎಚ್‌ಆರ್ ಏನಂದರು ಅಂತ ನಮಗೂ ಬರೆಯಿರಿ.