ಮಮ್ಮಿ, ಇವತ್ತು ಸಿಟ್ಟಿನ್ಯಾಗ ಇದ್ದಿಯೇನು?

ಪ್ರಶ್ನೆ: ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ವಯಸ್ಸು 36. ಸಂಜೆ ಮನೆಗೆ ಬಂದ ಕೂಡಲೇ ಒಂಬತ್ತು ವರ್ಷದ ಮಗಳ ಮೇಲೆ ರೇಗುತ್ತೇನೆ. ಮೊನ್ನೆ ನೀರಿನ ಲೋಟ ಉರುಳಿಸಿದಳು ಅಂತ ಹೊಡೆದೂಬಿಟ್ಟೆ. ಈಗ ನಾನು ಬಂದರೆ ಬಾಗಿಲಲ್ಲೇ ನಿಂತು, ‘ಮಮ್ಮಿ, ಇವತ್ತು ಸಿಟ್ಟಿನ್ಯಾಗ ಇದ್ದಿಯೇನು?’ ಅಂತಾಳೆ. ಧ್ಯಾನದ ಆ್ಯಪ್ ಹಾಕಿಕೊಂಡು ಬೆಳಿಗ್ಗೆ ಐದಕ್ಕೆ ಕೂತು ನೋಡಿದೆ. ಬರೀ ಯೋಚನೆ. ಎಂಟು ದಿನಕ್ಕೆ ಬಿಟ್ಟೆ. ನನ್ನಿಂದ ಇದು ಆಗಲ್ವಾ?

ತಂಗೀ, ಆ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿಮ್ಮ ಸಿಟ್ಟು ನಿಮಗಿಂತ ಮೊದಲು ಮಗಳಿಗೆ ಗೊತ್ತಾಗುತ್ತಿದೆ. ನೀವು ಕಲಿಯಬೇಕಾದ್ದು ಅದೊಂದೇ, ಅವಳಿಗಿಂತ ಸ್ವಲ್ಪ ಮುಂಚೆ ಅದನ್ನು ನೋಡುವುದು.

ಮೊದಲು ಆ ಆ್ಯಪ್ ವಿಷಯ. ‘ಬರೀ ಯೋಚನೆ ಬರ್ತಿದೆ’ ಅಂತ ನಿಮಗೆ ಗೊತ್ತಾಯಿತಲ್ವಾ? ಅದೇ ಅಭ್ಯಾಸ. ಮನಸ್ಸು ಓಡುತ್ತದೆ, ಓಡಿತು ಅಂತ ಗೊತ್ತಾಗುತ್ತದೆ, ಮತ್ತೆ ಕರೆದುಕೊಂಡು ಬರುತ್ತೀರಿ. ಖಾಲಿ ಮನಸ್ಸು ಯಾರೂ ಕೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗುವವರು ಐದಕ್ಕೆ ಎದ್ದು ಕೂರಲೇಬೇಕು ಅಂತಲೂ ಇಲ್ಲ, ನಿದ್ದೆ ಕಡಿಮೆಯಾದರೆ ಸಿಟ್ಟು ಇನ್ನೂ ಜಾಸ್ತಿ.

ನಿಮಗೆ ಚಿಗರಿ ಬಸ್ಸಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಆ ಹೊತ್ತೆಲ್ಲ ಮೊಬೈಲ್ ನೋಡ್ತೀರಿ, ಆಫೀಸಿನಲ್ಲಿ ಆದ ಮಾತನ್ನೇ ಮತ್ತೆ ಮತ್ತೆ ತಿರುವಿ ಹಾಕ್ತೀರಿ, ಇಳಿಯುವ ಹೊತ್ತಿಗೆ ಸಿಟ್ಟು ಪೂರ್ತಿ ತಯಾರಾಗಿರುತ್ತದೆ, ಮಗಳ ಲೋಟ ಬರೀ ನೆಪ. ನಾಳೆಯಿಂದ ಟೋಲ್ ನಾಕಾ ಬಂತು ಅಂದರೆ ಮೊಬೈಲ್ ಬ್ಯಾಗಿಗೆ ಹಾಕಿ. ಹಲ್ಲು ಕಚ್ಚಿಕೊಂಡಿದ್ದೀರಾ? ಹೆಗಲು ಬಿಗಿದಿದೆಯಾ? ಬರೀ ನೋಡಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನಕ್ಕೆ ಹೊರಗೆ ಬಿಡಿ, ಐದಾರು ಸಲ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ಸ್ವಭಾವ.

ಇಂಥ ಗಮನ ನಿಮಗೆ ಹೊಸದೂ ಅಲ್ಲ. ಜೋಳದ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆ ನೀರು ಪೂರ್ತಿ ಆರುವ ಮುಂಚೆ ತಿರುವಿ ಹಾಕ್ತೀರಲ್ಲ, ಆಗ ನಿಮ್ಮ ಕಣ್ಣು ಬೇರೆ ಎಲ್ಲಿಗೂ ಹೋಗಲ್ಲ. ಆ ಕಣ್ಣನ್ನೇ ದಿನಕ್ಕೆ ಎರಡು ಸಲ ನಿಮ್ಮ ಮೇಲೆ ಇಡಿ, ಸಾಕು.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ರೋಗಿಗಳಿಗಾಗಿ ಶುರು ಮಾಡಿದ ಎಂಟು ವಾರದ ಧ್ಯಾನದ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನಕ್ಕೆ ತಿನ್ನಿಸುತ್ತಾರೆ. ಧಾರವಾಡದವರಿಗೆ ಪೇಡಾ ಇದ್ದೇ ಇದೆ! ಭಾನುವಾರ ಮಗಳ ಜೊತೆ ಕೂತು ಒಂದನ್ನು ಅರ್ಧರ್ಧ ಮಾಡಿ. ಬೆರಳಿಗೆ ಅಂಟುವ ಸಕ್ಕರೆ, ಕೆಂಪಗೆ ಹುರಿದ ಹಾಲಿನ ವಾಸನೆ, ಏನೇನು ಗೊತ್ತಾಯಿತು ಅಂತ ಅವಳೇ ಹೇಳಲಿ. ನೀವು ಕೇಳಿ.

ಆದರೆ ಒಂದು ಮಾತು. ಎಚ್ಚರದಿಂದ ಇರುವುದು ಅಂದರೆ ಎಲ್ಲವನ್ನೂ ನುಂಗಿಕೊಂಡು ಇರುವುದಲ್ಲ. ದುಡಿದು ಬಂದ ಕೂಡಲೇ ಒಲೆ ಮುಂದೆ ನೀವೊಬ್ಬರೇ ನಿಲ್ಲುತ್ತಿದ್ದರೆ, ಉಸಿರಾಟ ಅದನ್ನು ಸರಿ ಮಾಡಲ್ಲ. ಮನೆಯವರ ಜೊತೆ ಕೂತು ಮಾತಾಡಿ, ವಾರದಲ್ಲಿ ಎರಡು ದಿನ ಖಾನಾವಳಿ ರೊಟ್ಟಿ ತಂದರೆ ಯಾರ ಮರ್ಯಾದೆಯೂ ಹೋಗಲ್ಲ. ಮತ್ತೆ ಕೈ ಎತ್ತುವಂತಾದರೆ, ನಿದ್ದೆ ಕೆಟ್ಟರೆ, ಯಾವುದರಲ್ಲೂ ಮನಸ್ಸಿಲ್ಲ ಅನಿಸಿದರೆ ತಡ ಮಾಡಬೇಡಿ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೊಡೆದದ್ದಕ್ಕೆ ಮಗಳ ಹತ್ತಿರ ‘ತಪ್ಪಾಯಿತು’ ಅನ್ನಿ, ಬಾಯಿ ಬಿಟ್ಟು ಅನ್ನಿ. ಇನ್ನೊಮ್ಮೆ ಬಾಗಿಲಲ್ಲಿ ಹಾಗೆ ಕೇಳಿದರೆ ಸುಳ್ಳು ಹೇಳಬೇಡಿ. ‘ಹೂಂ ಪುಟ್ಟಿ, ಸ್ವಲ್ಪ ಸಿಟ್ಟು ಬಂದೈತಿ, ನಿನ್ನ ಮ್ಯಾಲೆ ಅಲ್ಲ. ಕೈಕಾಲು ತೊಳ್ಕೊಂಡು ಬರ್ತೀನಿ ತಡಿ, ಆಮೇಲೆ ಕೂತು ಮಾತಾಡೋಣು’ ಅನ್ನಿ.