ಎಡಕ್ಕೆ ಬೇರೆ ಜೀನ್ ಇಲ್ಲ: ಒಂದು ವಿಜ್ಞಾನ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

‘ಹೃದಯವೇಕೆ ಎಡಕ್ಕೆ?’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಇದನ್ನು ತಿರಸ್ಕಾರದ ಪತ್ರವೆಂದು ತಿಳಿಯಬೇಡಿ. ಲೇಖನವನ್ನು ತಿದ್ದಿ ಬರೆದರೆ ಓದುಗರು ಎತ್ತಿಟ್ಟುಕೊಳ್ಳುವಂಥದ್ದಾಗುತ್ತದೆ ಎಂಬ ನಂಬಿಕೆಯಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾವನ್ನು ಮುಟ್ಟಬೇಡಿ. ಆರೋಗ್ಯ ಶಿಬಿರದಲ್ಲಿ ವೈದ್ಯೆಯೊಬ್ಬರು ಹುಡುಗನ ಎದೆಯ ಎಡಕ್ಕೆ ಸ್ಟೆತಸ್ಕೋಪ್ ಇಟ್ಟು, ಬಡಿತ ತೀರ ಮಂದವಾಗಿ ಕೇಳಿಸಿದಾಗ ಹುಬ್ಬು ಗಂಟಿಕ್ಕಿ, ಬಲಕ್ಕೆ ಸರಿಸಿದ ಕೂಡಲೇ ಅದು ಸ್ಪಷ್ಟವಾಗಿ ಕೇಳಿಬಂದ ಸನ್ನಿವೇಶವನ್ನು ನೀವು ಒಂದೂ ಹೆಚ್ಚಿನ ಮಾತಿಲ್ಲದೆ ಬರೆದಿದ್ದೀರಿ. ಒಳಾಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುವ ಈ ಸ್ಥಿತಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ್ದೀರಿ. ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದೀರಿ.

ತೊಡಕು ಮೂರನೆಯ ಪ್ಯಾರಾದಿಂದ ಶುರುವಾಗುತ್ತದೆ. ‘ದೇಹದ ಎಡಭಾಗದಲ್ಲಿ ಎಡದ ಜೀನ್‌ಗಳೂ ಬಲಭಾಗದಲ್ಲಿ ಬಲದ ಜೀನ್‌ಗಳೂ ಇರುತ್ತವೆ’ ಎಂದು ಬರೆದಿದ್ದೀರಿ. ಈ ಒಂದು ವಾಕ್ಯ ಇಡೀ ಲೇಖನವನ್ನು ದಾರಿ ತಪ್ಪಿಸಿದೆ. ಭ್ರೂಣದ ಎಡಗಡೆಯ ಕೋಶದಲ್ಲೂ ಬಲಗಡೆಯ ಕೋಶದಲ್ಲೂ ಇರುವುದು ಅದೇ ಜೀನ್‌ಗಳ ಕಟ್ಟು. ಎರಡು ಮನೆಗಳಲ್ಲಿ ಒಂದೇ ಪಂಚಾಂಗವಿದ್ದು, ಒಂದೊಂದು ಮನೆಯವರು ಒಂದೊಂದು ಪುಟ ತೆರೆದು ಕುಳಿತಂತೆ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಅದನ್ನು ತಡೆಯುವವರು ಯಾರು ಎಂಬುದೇ ನಿಮ್ಮ ವಿಷಯ. ಓದುಗರಿಗೆ ಆ ನಿಯಂತ್ರಣದ ಕಥೆಯನ್ನು ಹೇಳದೆ ಜೀನ್‌ಗಳ ಹೆಸರುಗಳನ್ನಷ್ಟೇ ಒಂದರ ಕೆಳಗೊಂದು ಕೊಟ್ಟರೆ, ಪಾತ್ರಧಾರಿಗಳ ಪಟ್ಟಿ ಓದಿ ಆಟ ಆಡದೆ ರಂಗ ಬಿಟ್ಟು ಹೋದಂತಾಗುತ್ತದೆ.

ಈ ಕಥೆ ನಡೆಯುವ ಜಾಗವನ್ನು ಮೊದಲು ತೋರಿಸಿ. ಸುಮಾರು 8 ದಿನದ ಇಲಿಯ ಭ್ರೂಣದಲ್ಲಿ, ಹೊಟ್ಟೆಯ ಮಗ್ಗುಲಿನ ನಡುಗೆರೆಯ ಮೇಲೆ, ನೋಡ್ ಎಂಬ ಸಣ್ಣ ಗುಳಿಯೊಂದು ಇರುತ್ತದೆ. ಅದರ ತಳದ ಕೋಶಗಳಿಂದ ಒಂದೊಂದು ಕೂದಲೆಳೆಯಂಥ ಸಿಲಿಯಾ ಮೇಲೆದ್ದು, ನಿಮಿಷಕ್ಕೆ ಸುಮಾರು 600 ಸುತ್ತಿನಂತೆ ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತಿರುತ್ತವೆ. ಅವು ನೆಟ್ಟಗೆ ನಿಂತಿರದೆ ಬಾಲದ ಕಡೆಗೆ ವಾಲಿಕೊಂಡಿರುವುದರಿಂದ, ಸುತ್ತಿನ ಒಂದು ಅರ್ಧದಲ್ಲಿ ದ್ರವವನ್ನು ಜೋರಾಗಿ ತಳ್ಳುತ್ತವೆ; ಇನ್ನೊಂದು ಅರ್ಧದಲ್ಲಿ ತಳಕ್ಕೆ ಹತ್ತಿರವಾಗಿ ಸಾಗುವುದರಿಂದ ಅಷ್ಟಾಗಿ ತಳ್ಳಲಾರವು. ಹೀಗಾಗಿ ಗುಳಿಯಲ್ಲಿ ಬಲದಿಂದ ಎಡಕ್ಕೆ ಒಂದು ಹರಿವು ಹುಟ್ಟುತ್ತದೆ. ಜಪಾನಿನ ನೊನಾಕಾ, ಹಿರೊಕಾವಾ ಮತ್ತು ಸಂಗಡಿಗರು ಇದನ್ನು 1998ರಲ್ಲಿ ಪ್ರಕಟಿಸಿದರು. 2002ರಲ್ಲಿ ನೊನಾಕಾ ಮತ್ತಿತರರು ಭ್ರೂಣದ ಮೇಲೆ ಕೃತಕವಾಗಿ ಎದುರು ದಿಕ್ಕಿನ ಹರಿವನ್ನು ಹಾಯಿಸಿದಾಗ ಎಡಬಲಗಳೇ ಅದಲುಬದಲಾದವು. ನಿಮ್ಮ ಲೇಖನದಲ್ಲಿ ಈ ಪ್ರಯೋಗಕ್ಕೆ ಅರ್ಧ ಸಾಲು ಸಿಕ್ಕಿದೆ. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ದ್ರವದ ಚಲನೆಯೊಂದು ಜೀನ್‌ಗಳ ನಡೆಯನ್ನು ತಿರುಗಿಸಿತು ಎಂಬುದಕ್ಕಿಂತ ದೊಡ್ಡ ಬೆರಗು ಈ ವಿಷಯದಲ್ಲಿ ಇನ್ನೊಂದಿಲ್ಲ.

ಹರಿವಿನಿಂದ ಜೀನ್‌ಗೆ ದಾಟುವ ಸೇತುವೆಯನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಗುಳಿಯ ಅಂಚಿನ ಕೋಶಗಳಲ್ಲಿ ಎರಡೂ ಕಡೆ ನೋಡಲ್ ಎಂಬ ಸಂದೇಶದ ಪ್ರೊಟೀನ್ ತಯಾರಾಗುತ್ತದೆ. ಅದನ್ನು ತಡೆಹಿಡಿಯುವ ಡ್ಯಾಂಡ್ 5 ಎಂಬ ಪ್ರೊಟೀನೂ ಎರಡೂ ಕಡೆ ಇರುತ್ತದೆ. ಹರಿವಿನ ಸುಳಿವು ಎಡ ಅಂಚಿನ ಕೋಶಗಳಿಗೆ ಸಿಕ್ಕಿದಾಗ ಅಲ್ಲಿ ಡ್ಯಾಂಡ್ 5 ತಯಾರಾಗಲು ಬೇಕಾದ ಆರ್‌ಎನ್‌ಎ ಸಂದೇಶ ಕರಗಿಹೋಗುತ್ತದೆ. ಎಂದರೆ ಎಡದಲ್ಲಿ ಹೊಸದಾಗಿ ಏನನ್ನೋ ಹಚ್ಚಿದ್ದಲ್ಲ, ಅಡ್ಡ ಹಾಕಿದ್ದ ಕೋಲನ್ನು ತೆಗೆದದ್ದು. ಆಗ ಎಡದ ನೋಡಲ್ ಮೇಲುಗೈ ಪಡೆದು, ಭ್ರೂಣದ ಎಡಪಕ್ಕದ ಅಂಗಾಂಶವನ್ನು ತಲುಪಿ ಅಲ್ಲಿ ತನ್ನದೇ ಜೀನನ್ನು ಚುರುಕುಗೊಳಿಸುತ್ತದೆ. ತಾನೇ ತನ್ನನ್ನು ಹೆಚ್ಚಿಸಿಕೊಳ್ಳುವ ಇಂಥ ಸಂದೇಶ ಹಾಗೇ ಬಿಟ್ಟರೆ ಬಲಕ್ಕೂ ಹಬ್ಬಬೇಕಾಗಿತ್ತು. ಆದರೆ ಅದು ಹೊತ್ತಿಸುವ ಜೀನ್‌ಗಳಲ್ಲಿ ಲೆಫ್ಟಿಯೂ ಒಂದು, ಲೆಫ್ಟಿಯ ಕೆಲಸ ನೋಡಲ್ಲನ್ನು ತಡೆಯುವುದು. ನಡುಗೆರೆಯಲ್ಲಿ ಲೆಫ್ಟಿ ಬದುವಿನಂತೆ ನಿಲ್ಲುತ್ತದೆ. ಇಲಿಯಲ್ಲಿ ಆ ಬದುವನ್ನು ಇಲ್ಲವಾಗಿಸಿದಾಗ ನೋಡಲ್ ಬಲಕ್ಕೂ ದಾಟಿ, ಎರಡು ಶ್ವಾಸಕೋಶಗಳೂ ಎಡದ ಶ್ವಾಸಕೋಶದ ರೂಪವನ್ನೇ ತಾಳಿದವು.

ಪಕ್ಕದ ಅಂಗಾಂಶದಲ್ಲಿ ನೋಡಲ್ ಕೆಲವೇ ಗಂಟೆಗಳ ಕಾಲ ಇರುತ್ತದೆ. ಅಂಗಗಳು ಆಕಾರ ಪಡೆಯುವುದು ಆನಂತರ. ನಡುವಿನ ಕಾಲದಲ್ಲಿ ‘ಇದು ಎಡ’ ಎಂಬ ನೆನಪನ್ನು ಉಳಿಸಿಕೊಳ್ಳುವುದು ನೋಡಲ್ ಹಚ್ಚಿಹೋದ ಪಿಟ್‌ಎಕ್ಸ್ 2 ಎಂಬ ಜೀನ್. ಈ ಜೀನನ್ನು ನಿಯಂತ್ರಿಸುವ ಡಿಎನ್‌ಎ ತುಣುಕಿನಲ್ಲಿ ಹೊತ್ತಿಸಲು ಒಂದು ಏರ್ಪಾಡು, ಆರದಂತೆ ಕಾಯಲು ಇನ್ನೊಂದು ಏರ್ಪಾಡು ಇದೆ. ನಿಮ್ಮ ಲೇಖನಕ್ಕೆ ‘ಜೀನ್ ನಿಯಂತ್ರಣ’ ಎಂಬ ಉಪಶೀರ್ಷಿಕೆ ಬೇಕಿದ್ದರೆ ಅದು ಇಲ್ಲಿಯೇ ಬರಬೇಕು.

ಇನ್ನು ನೇರ ತಪ್ಪುಗಳು. ‘ಪಿಟ್‌ಎಕ್ಸ್ 2 ಹೃದಯವನ್ನು ಎಡಕ್ಕೆ ತಿರುಗಿಸುತ್ತದೆ’ ಎಂದಿದ್ದೀರಿ. ಭ್ರೂಣದ ಹೃದಯದ ನಳಿಕೆ ಮೊದಲು ಬಾಗುವುದು ಬಲಕ್ಕೆ. ಅದರ ತುದಿ ಎಡಕ್ಕೆ ಮುಖ ಮಾಡುವುದು ತಡವಾಗಿ. ಪಿಟ್‌ಎಕ್ಸ್ 2 ಇಲ್ಲದ ಇಲಿಯಲ್ಲೂ ಆ ಮೊದಲ ಬಾಗು ಬಲಕ್ಕೇ ಆಗುತ್ತದೆ, ಕೆಡುವುದು ಮುಂದಿನ ಹೆಜ್ಜೆಗಳು. ‘ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲೂ ಸಿಲಿಯಾಗಳೇ ದಿಕ್ಕು ಹೇಳುತ್ತವೆ’ ಎಂಬುದೂ ನಿಲ್ಲದ ಮಾತು. ಕೋಳಿಯ ಭ್ರೂಣದಲ್ಲಿ ಇಂಥ ಹರಿವಿಲ್ಲ. ಅಲ್ಲಿ ನೋಡ್‌ನ ಸುತ್ತಲಿನ ಕೋಶಗಳೇ ಎಡಕ್ಕೆ ಸರಿಯುತ್ತವೆ. ಆದರೂ ಎಡದಲ್ಲಿ ನೋಡಲ್, ಅದರ ಹಿಂದೆ ಪಿಟ್‌ಎಕ್ಸ್ 2 ಎಂಬ ಸಾಲು ಕೋಳಿಯಲ್ಲೂ ಇದೆ.

ಎಲ್ಲಕ್ಕಿಂತ ಮುಖ್ಯವಾದ ತಪ್ಪು ತರ್ಕದ್ದು. ‘ಸಿಲಿಯಾ ಕೆಲಸ ಮಾಡದಿದ್ದರೆ ಹೃದಯ ಬಲಕ್ಕೆ ಬರುತ್ತದೆ’ ಎಂದು ಬರೆದಿದ್ದೀರಿ. ವೈದ್ಯ ಕಾರ್ಟಜೆನರ್ 1933ರಲ್ಲಿ ವಿವರಿಸಿದ ರೋಗಲಕ್ಷಣಗಳಲ್ಲಿ ಸೈನಸ್ ತೊಂದರೆ ಮತ್ತು ಶ್ವಾಸನಾಳಗಳ ಕಾಯಿಲೆಯ ಜೊತೆಗೆ ಒಳಾಂಗಗಳ ಅದಲುಬದಲೂ ಸೇರಿತ್ತು. ಇವೆಲ್ಲಕ್ಕೂ ಮೂಲ ಸಿಲಿಯಾಗಳ ಚಲನೆಯ ದೋಷವೆಂದು ವಿಜ್ಞಾನಿ ಆಫ್ಜೇಲಿಯಸ್ 1976ರಲ್ಲಿ ತೋರಿಸಿದರು. ಆದರೆ ಆ ದೋಷವಿರುವವರಲ್ಲಿ ಒಳಾಂಗಗಳು ಅದಲುಬದಲಾಗಿರುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಹರಿವು ನಿಂತರೆ ಭ್ರೂಣ ತಪ್ಪು ದಿಕ್ಕನ್ನು ಆರಿಸುವುದಿಲ್ಲ, ಆಯ್ಕೆ ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟುಹೋಗುತ್ತದೆ. ಎರಡು ಪಕ್ಕಗಳನ್ನು ಬೇರೆಬೇರೆ ಮಾಡುವ ಶಕ್ತಿ ನೋಡಲ್ ಮತ್ತು ಲೆಫ್ಟಿಯ ಜೋಡಿಗೆ ಇದ್ದೇ ಇದೆ. ಹರಿವು ಮಾಡುವುದು ಯಾವ ಪಕ್ಕ ಎಡವಾಗಬೇಕೆಂದು ತೋರಿಸುವ ಕೆಲಸವನ್ನು. ಈ ವ್ಯತ್ಯಾಸ ನಿಮಗೆ ಸ್ಪಷ್ಟವಾದರೆ ಲೇಖನದ ಎರಡನೆಯ ಅರ್ಧ ತಾನಾಗಿಯೇ ಸರಿಹೋಗುತ್ತದೆ.

ಎಡಚರ ಬಗೆಗಿನ ಪ್ಯಾರಾವನ್ನು ತೆಗೆದುಬಿಡಿ. ಒಳಾಂಗಗಳೆಲ್ಲ ತಿರುಗಿರುವವರಲ್ಲೂ ಹೆಚ್ಚಿನವರು ಬಲಗೈಯವರೇ. ಬಲಮುರಿ ಶಂಖದ ಪ್ರಸ್ತಾಪ ಚೆನ್ನಾಗಿದೆ, ಉಳಿಸಿಕೊಳ್ಳಿ. ಆದರೆ ನಾವು ಬಲಮುರಿ ಎಂದು ಪೂಜಿಸುವ ಆ ಅಪರೂಪದ ಶಂಖ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಸುತ್ತಿನದು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ. ಇಲ್ಲವಾದರೆ ಓದುಗರಿಗೆ ಗೊಂದಲವಾಗುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಪಾರ್ಶ್ವೀಯ ಅಸಮಮಿತಿಯ ಆನುವಂಶಿಕ ಅಭಿವ್ಯಕ್ತಿ ನಿಯಮನ’ ಎಂದು ಬರೆದ ಕೈಯೇ ಶಿಬಿರದ ಸನ್ನಿವೇಶವನ್ನೂ ಬರೆದಿದೆ ಎಂದು ನಂಬುವುದು ನನಗೆ ಕಷ್ಟವಾಯಿತು. ಎಡಬಲ, ಮಗ್ಗುಲು, ಹರಿವು, ತಡೆ ಎಂಬ ಮಾತುಗಳು ಈ ವಿಷಯದ ಬಹುಪಾಲನ್ನು ಹೊರಬಲ್ಲವು. ಹೊರಲಾರದ ಕಡೆ ನೋಡಲ್, ಸಿಲಿಯಾ ಎಂದು ಇದ್ದ ಹೆಸರನ್ನೇ ಬಳಸಿ.

ಚಿತ್ರವನ್ನು ಹೊಸದಾಗಿ ಬರೆಸಬೇಕು. ಭ್ರೂಣವನ್ನು ಹೊಟ್ಟೆಯ ಕಡೆಯಿಂದ, ತಲೆ ಮೇಲಿರುವಂತೆ ತೋರಿಸಿದ್ದೀರಿ. ಹಾಗೆ ನೋಡುವಾಗ ಭ್ರೂಣದ ಎಡ ನಮ್ಮ ಬಲಕ್ಕೆ ಬರುತ್ತದೆ. ನಿಮ್ಮ ಬಾಣದ ಗುರುತು ಓದುಗರ ಎಡಕ್ಕೆ ಇದೆ. ಬಾಣವನ್ನು ತಿರುಗಿಸಿ, ಎರಡು ಪಕ್ಕಗಳಲ್ಲೂ ‘ಭ್ರೂಣದ ಎಡ’, ‘ಭ್ರೂಣದ ಬಲ’ ಎಂದು ಬರೆಸಿ, ತಿದ್ದಿದ ಲೇಖನದ ಜೊತೆಗೇ ಕಳುಹಿಸಿ. ಬಂದ ವಾರದಲ್ಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ