ಬೇಳೆ ಬಿಸಿಲಿಗೆ, ರೊಟ್ಟಿ ಗ್ಯಾಸಿಗೆ

ಸೋಲಾರ್ ಕುಕ್ಕರ್ ತಂದರೆ ಗ್ಯಾಸ್ ಪೂರ್ತಿ ಬಿಡಬಹುದಾ, ಪರಿಸರಕ್ಕೆ ಅದು ನಿಜವಾಗಿಯೂ ಒಳ್ಳೆಯದಾ ಅಂತ ಕೇಳಿದ್ದೀರಿ. ನಮ್ಮ ಮನೆ ಬಳ್ಳಾರಿಯಲ್ಲಿ. ಮಾಳಿಗೆ ಮೇಲೆ ಪೆಟ್ಟಿಗೆಯಂಥ ಸೋಲಾರ್ ಕುಕ್ಕರ್ ಇಟ್ಟು 6 ವರ್ಷವಾಯಿತು. ಇಷ್ಟು ಬಿಸಿಲಿರುವ ಊರಲ್ಲೂ ಗ್ಯಾಸ್ ಪೂರ್ತಿ ಬಿಡಲು ಆಗಿಲ್ಲ.

ಬೆಳಿಗ್ಗೆ ಹತ್ತಕ್ಕೆ ಕಪ್ಪು ಬಳಿದ ಡಬ್ಬಿಗಳಲ್ಲಿ ತೊಗರಿಬೇಳೆ, ಅಕ್ಕಿ, ನೆನೆಸಿದ ಹೆಸರುಕಾಳು ಹಾಕಿ ಗಾಜು ಮುಚ್ಚುತ್ತೇವೆ. ಮೇಲಿನ ಕನ್ನಡಿಯನ್ನು ಬಿಸಿಲಿನ ಕಡೆ ತಿರುಗಿಸಿಟ್ಟರೆ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಊಟಕ್ಕೆ ಸಿದ್ಧ. ತಳ ಹಿಡಿಯುವುದಿಲ್ಲ, ಕಾಯುತ್ತಾ ನಿಲ್ಲಬೇಕಿಲ್ಲ. ನೀರು ಮಾತ್ರ ಸ್ವಲ್ಪ ಕಡಿಮೆ ಹಾಕಿ, ಆವಿ ಹೆಚ್ಚು ಹೋಗುವುದಿಲ್ಲವಲ್ಲ. ಆದರೆ ಜೋಳದ ರೊಟ್ಟಿಗೆ, ಒಗ್ಗರಣೆಗೆ ಆ ಕಾವು ಸಾಲದು. ಬೆಳಗಿನ ಚಹಾಕ್ಕೆ ಬಿಸಿಲೇ ಇರುವುದಿಲ್ಲ. ಅದಕ್ಕೆಲ್ಲ ಗ್ಯಾಸ್ ಬೇಕು.

ಮೊದಲು 40 ದಿನ ಬರುತ್ತಿದ್ದ ಸಿಲಿಂಡರ್ ಈಗ 50 ದಾಟುತ್ತದೆ. ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಸಿಲಿಂಡರ್ ಉಳಿತಾಯ. ಇದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ, ಯಾಕೆಂದರೆ ಪ್ರೆಶರ್ ಕುಕ್ಕರಿನಲ್ಲಿ ಬೇಳೆ ಬೇಯಲು ಮೊದಲೇ ಗ್ಯಾಸ್ ಕಡಿಮೆ ಸಾಕು. ಹಾಗಂತ ಅದು ಸಣ್ಣದೂ ಅಲ್ಲ. 14.2 ಕೆಜಿಯ ಒಂದು ಸಿಲಿಂಡರ್ ಉರಿದು ಮುಗಿದರೆ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗ್ಯಾಸಿಗಿಂತ ಅದರ ತೂಕ ಜಾಸ್ತಿ ಹೇಗೆ ಅಂದರೆ, ಉರಿಯುವಾಗ ಗಾಳಿಯ ಆಮ್ಲಜನಕವೂ ಜೊತೆಗೆ ಕೂಡುತ್ತದೆ. ದೇಶದಲ್ಲಿ ಬಳಸುವ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೂ ಗ್ಯಾಸನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಸೌದೆ ಒಲೆಯ ಹೊಗೆಗೆ ನಮ್ಮಜ್ಜಿ ಕಣ್ಣೊರೆಸಿಕೊಳ್ಳುತ್ತಾ ಕೆಮ್ಮುತ್ತಿದ್ದುದನ್ನು ನೋಡಿ ಬೆಳೆದವರು ನಾವು.

ಸೋಲಾರ್ ಕುಕ್ಕರ್ ಕೂಡ ಪರಿಸರಕ್ಕೆ ಪುಕ್ಕಟೆ ಬಂದದ್ದಲ್ಲ. ಅದರಲ್ಲಿ ಗಾಜಿದೆ, ಅಲ್ಯೂಮಿನಿಯಂ ಇದೆ. ಅಲ್ಯೂಮಿನಿಯಂ ತಯಾರಿಸಲು ಬಹಳ ಕರೆಂಟ್ ಬೇಕು. ಎರಡು ತಿಂಗಳು ಬಳಸಿ ಅಟ್ಟಕ್ಕೆ ಹಾಕಿದರೆ ಸುಮ್ನೆ ದಂಡ. ವರ್ಷಗಟ್ಟಲೆ ಬಳಸಿದರೆ ಮಾತ್ರ ಗ್ಯಾಸಿಗಿಂತ ಮೇಲು. ನಮ್ಮದರಲ್ಲಿ ನಾಲ್ಕನೇ ವರ್ಷ ಗಾಜಿನ ಸುತ್ತಲಿನ ರಬ್ಬರ್ ಬದಲಿಸಿದೆವು, ಅಷ್ಟೇ. ಮಲೆನಾಡು, ಕರಾವಳಿಯಲ್ಲಿದ್ದರೆ ಮಳೆಗಾಲದ ತಿಂಗಳುಗಳನ್ನು ಬಿಟ್ಟೇ ಲೆಕ್ಕ ಹಾಕಬೇಕು.

ಕೊಳ್ಳುವ ಮುಂಚೆ ಒಂದು ಭಾನುವಾರ ನಿಮ್ಮ ಮಾಳಿಗೆ ಮೇಲೆ ಹತ್ತರಿಂದ ಎರಡರವರೆಗೆ ನೆರಳು ಬೀಳುತ್ತದಾ ನೋಡಿ. ಬೀಳುವುದಾದರೆ ಕುಕ್ಕರ್ ತರಬೇಡಿ. ಕಾಳು ರಾತ್ರಿಯೇ ನೆನೆಹಾಕಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಅಷ್ಟರಲ್ಲೇ ಗ್ಯಾಸ್ ಸ್ವಲ್ಪ ಉಳಿಯುತ್ತದೆ.